ನಲವತ್ತೆರಡನೆಯ ಸಹಿ

ಆಯ್ತಪ್ಪ ಮೊದಲನೆಯ ಸಹಿಯನ್ನು ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಹಾಕಿದ. ಬಾಯಿ ಮುಕ್ಕಳಿಸಿ ಮುಖ ಒರೆಸಿಕೊಳ್ಳುವಷ್ಟರಲ್ಲಿ ಎರಡನೆಯದನ್ನೂ ಹಾಕಿ ಆಗಿತ್ತು. ಆಮೇಲೆ ಅವನಿಗೆ ಬೆಳಗಿನ ಟೀ ಗಂಟಲಲ್ಲಿ ಇಳಿಯಲಿಲ್ಲ.

ಆಯ್ತಪ್ಪ ಅನ್ನುವುದು ಅವನ ಹೆಸರಲ್ಲ. ಪಕ್ಷದ ಊರ ಕಚೇರಿಯಲ್ಲಿ ಅವನು ಗುಮಾಸ್ತ. ಯಾರು ಏನು ಹೇಳಿದರೂ "ಆಯ್ತು" ಅನ್ನುವವನಾದ್ದರಿಂದ, ಹದಿನಾಲ್ಕು ವರ್ಷಗಳಲ್ಲಿ ಹಾಜರಿ ಪುಸ್ತಕವೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಅವನು ಆಯ್ತಪ್ಪನೇ ಆಗಿಹೋಗಿದ್ದ. ಕಚೇರಿಯ ಹಿಂಭಾಗದ ಎರಡು ಕೋಣೆಗಳಲ್ಲಿ ಅವನ ಸಂಸಾರ. ಮುಂದಿನ ಕೋಣೆಯಲ್ಲಿ ಅತ್ತೆಯ ಮಂಚ, ಹಿಂದಿನದರಲ್ಲಿ ಅಡುಗೆ, ನಡುವಿನ ಬಾಗಿಲ ಹತ್ತಿರ ಅವನು ಮತ್ತು ಹೆಂಡತಿ. ಗುಮಾಸ್ತನಾಗಿರುವವರೆಗೆ ಆ ಕೋಣೆಗಳು ಅವನವು. ಗುಮಾಸ್ತಿಕೆ ಹೋದರೆ ಅತ್ತೆಯ ಮಂಚ ರಸ್ತೆಗೆ ಬರುತ್ತದೆ, ಮಂಚದ ಮೇಲೆ ಅತ್ತೆಯೂ ಇರುತ್ತಾರೆ. ಆಯ್ತಪ್ಪನಿಗೆ ಆಗಾಗ ಬೀಳುತ್ತಿದ್ದ ಕೆಟ್ಟ ಕನಸು ಇದೇ.

ಊರ ಸಮಿತಿಯಲ್ಲಿ ನಲವತ್ತು ಜನ. ಸರಿಸಮವಾಗಿ ಇಬ್ಭಾಗವಾದರೆ ಏನು ಗತಿ ಎಂದು ಹಿಂದಿನವರು ಯೋಚಿಸಿ, ಗುಮಾಸ್ತನನ್ನೂ ನಲವತ್ತೊಂದನೆಯ ಸದಸ್ಯನಾಗಿ ಸೇರಿಸಿದ್ದರು. ಈ ಗೌರವದಿಂದ ಆಯ್ತಪ್ಪನಿಗೆ ಇಷ್ಟು ವರ್ಷ ತೊಂದರೆಯೇನೂ ಆಗಿರಲಿಲ್ಲ. ಸಭೆಯಲ್ಲಿ ಅವನು ಟೀ ಹಂಚುತ್ತಿದ್ದ, ನಡಾವಳಿ ಬರೆಯುತ್ತಿದ್ದ, ಎಲ್ಲರೂ ಕೈ ಎತ್ತಿದಾಗ ತಾನೂ ಎತ್ತುತ್ತಿದ್ದ.

ಆದರೆ ಈಗ ಪಕ್ಷ ಒಡೆದ ಮಡಕೆಯಾಗಿತ್ತು. ಹನ್ನೊಂದು ವರ್ಷದಿಂದ ಅಧ್ಯಕ್ಷರಾಗಿದ್ದ ಮರದ ಡಿಪೋ ಸಾಹುಕಾರರು ಕುರ್ಚಿ ಬಿಡಲೊಲ್ಲರು. ಅಷ್ಟೂ ವರ್ಷ ಅವರ ಪಕ್ಕದಲ್ಲೇ ಕಾರ್ಯದರ್ಶಿಯಾಗಿ ಕೂತಿದ್ದ ವಕೀಲರು ಇನ್ನು ಪಕ್ಕದಲ್ಲಿ ಕೂರಲೊಲ್ಲರು. ಇಂಥ ಹೊತ್ತಿಗೆಂದೇ ಪಕ್ಷದಲ್ಲಿ ಒಂದು ಪದ್ಧತಿಯಿತ್ತು. "ಕೊನೆಯುಸಿರಿನವರೆಗೂ ಇವರ ಜೊತೆ ಇರುತ್ತೇನೆ" ಎಂಬ ನಿಷ್ಠಾಪತ್ರಕ್ಕೆ ಪೈಪೋಟಿಯಲ್ಲಿರುವ ಇಬ್ಬರೂ ಸದಸ್ಯರಿಂದ ಸಹಿ ಮಾಡಿಸಿಕೊಳ್ಳಬೇಕು. ಪತ್ರವನ್ನು ಲಕೋಟೆಯಲ್ಲಿಟ್ಟು ಅರಗು ಹಾಕಿ, ಮೇಲೆ ಸಹಿಗಳ ಸಂಖ್ಯೆ ಬರೆಯಬೇಕು. ಯಾರ ಸಂಖ್ಯೆ ಹೆಚ್ಚೋ ಅವರು ಅಧ್ಯಕ್ಷರು. ಸೋತವರ ಲಕೋಟೆಯನ್ನು ಒಡೆಯದೆ ಅವರ ಕೈಗೇ ಕೊಡಬೇಕು, ಅವರ ಕಡೆಯವರ ಮೇಲೆ ಗೆದ್ದವರು ಹಗೆ ಸಾಧಿಸಬಾರದಲ್ಲ. ಸಹಿ ಮಾಡಿಸುವವರು ಮೇಲಿನ ಹೆಸರುಗಳನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುತ್ತಿದ್ದದ್ದೂ ಅದಕ್ಕೇ.

ಅಂದು ಬೆಳಗ್ಗೆ ನಲ್ಲಿಯ ಹತ್ತಿರ ಮೊದಲು ಬಂದವನು ದರ್ಜಿ, ಸಾಹುಕಾರರ ಬಲಗೈ. ಗೇಟಿನ ಹೊರಗೆ ಸಾಹುಕಾರರ ಕಾರು ನಿಂತಿತ್ತು. ಗಾಜು ಅರ್ಧ ಇಳಿದಿತ್ತು. ಒಳಗೆ ಬರೀ ಎರಡು ಕಣ್ಣು ಕಾಣುತ್ತಿದ್ದವು.

"ಇಲ್ಲೊಂದು ಸಹಿ ಹಾಕು ಆಯ್ತಪ್ಪ. ಸಾಹುಕಾರ್ರು ನೋಡ್ತಾ ಇದಾರೆ."

ಆಯ್ತಪ್ಪ ಕಾರಿನ ಕಡೆ ನೋಡಿದ. ಕೈ ತಾನಾಗಿ ಪೆನ್ನು ಹಿಡಿಯಿತು.

ಕಾರು ಆ ಕಡೆ ತಿರುಗಿದ್ದೇ ತಡ, ಈ ಕಡೆಯಿಂದ ಟೀಚರಮ್ಮ ಬಂದರು. ನಿವೃತ್ತ ಉಪಾಧ್ಯಾಯಿನಿ, ವಕೀಲರ ಕಡೆಯ ದಂಡನಾಯಕಿ. ಆಯ್ತಪ್ಪನಿಗೆ ಮೂರನೆಯ ತರಗತಿಯಲ್ಲಿ ಪಾಠ ಮಾಡಿದ್ದವರು. ಅವರು ಕಾಗದ ಚಾಚಿ ಕನ್ನಡಕದ ಮೇಲಿನಿಂದ ನೋಡಿದರು ಅಷ್ಟೆ. ಮೂವತ್ತು ವರ್ಷದ ಹಿಂದೆ ಲೆಕ್ಕ ತಪ್ಪಿದಾಗ ನೋಡುತ್ತಿದ್ದ ನೋಟ ಅದು. ಆಯ್ತಪ್ಪ ಸಹಿ ಹಾಕಿದ.

"ಗುಂಡಗೆ ಬರೀಬೇಕು ಅಕ್ಷರ" ಅಂದರು ಟೀಚರಮ್ಮ.

"ಆಯ್ತು ಟೀಚರ್."

ಒಳಗೆ ಬಂದು ಹೆಂಡತಿಗೆ ಹೇಳಿದ. ಅವಳು ಸೌಟು ಹಿಡಿದವಳು ಹಾಗೇ ನಿಂತಳು.

"ಎರಡರಲ್ಲೂ ಹಾಕಿದ್ರಾ? ನಿಮಗೇನು ತಲೆಗಿಲೆ ಕೆಟ್ಟಿದೆಯೇನ್ರೀ?"

"ಮೆತ್ತಗೆ ಮಾತಾಡೇ. ಲಕೋಟೆ ಒಡೆಯಲ್ಲ. ಯಾರಿಗೂ ಗೊತ್ತಾಗಲ್ಲ."

"ಗೊತ್ತಾದ್ರೆ?"

ಮುಂದಿನ ಕೋಣೆಯಿಂದ ಅತ್ತೆ, "ಗೊತ್ತಾದ್ರೆ ನಾವು ಬೀದಿಗೆ" ಎಂದು ಉತ್ತರಿಸಿದರು. ಅವರ ಕಿವಿ ಬಹಳ ಚುರುಕು.

ಮೇಲಿನ ಕಚೇರಿಯಿಂದ ವೀಕ್ಷಕರು ಬಂದದ್ದು ಹನ್ನೆರಡು ಗಂಟೆಗೆ. ಬೆನ್ನುನೋವಿನ ಮನುಷ್ಯ, ಸಂಜೆ ಐದರ ಬಸ್ಸಿಗೆ ಟಿಕೆಟು ಮಾಡಿಸಿಕೊಂಡೇ ಬಂದಿದ್ದರು. ಸಭಾಂಗಣದಲ್ಲಿ ಫ್ಯಾನು ತಿರುಗುತ್ತಿದ್ದರೂ ಎಲ್ಲರೂ ಬೆವರುತ್ತಿದ್ದರು. ಎಡಗಡೆಯ ಕುರ್ಚಿಗಳಲ್ಲಿ ಸಾಹುಕಾರರ ಕಡೆಯವರು, ಬಲಗಡೆ ವಕೀಲರ ಕಡೆಯವರು ಎಂದು ವ್ಯವಸ್ಥೆಯಾಗಿತ್ತು. ಆದರೆ ಬಹಳ ಜನ ಗೋಡೆಗೆ ಒರಗಿಕೊಂಡು ನಿಂತೇ ಇದ್ದರು. ಸೊಂಟ ನೋವು, ಕೂತರೆ ಏಳೋಕಾಗಲ್ಲ ಎಂದು ಒಬ್ಬೊಬ್ಬರೂ ಒಂದೊಂದು ನೆಪ ಹೇಳಿದರು. ಆಯ್ತಪ್ಪ ಟೀ ತಟ್ಟೆ ಹಿಡಿದು ನಡುವಿನ ದಾರಿಯಲ್ಲಿ ನಿಂತ.

ವೀಕ್ಷಕರು ಮೊದಲನೆಯ ಲಕೋಟೆ ಎತ್ತಿದರು. "ಸಾಹುಕಾರ್ರಿಗೆ ಇಪ್ಪತ್ತೊಂದು."

ಎಡಗಡೆ ಚಪ್ಪಾಳೆ ಬಿತ್ತು. ಸಾಹುಕಾರರು ಎದ್ದು ಕೈಮುಗಿದರು.

"ವಕೀಲರಿಗೂ ಇಪ್ಪತ್ತೊಂದು."

ಬಲಗಡೆಯ ಚಪ್ಪಾಳೆ ಅರ್ಧಕ್ಕೆ ನಿಂತಿತು. ವೀಕ್ಷಕರು ಬೆರಳು ಮಡಿಸಿ ಲೆಕ್ಕ ಹಾಕಿದರು. "ನೀವಿರೋದು ನಲವತ್ತೊಂದು ಜನ. ಸಹಿ ನಲವತ್ತೆರಡಾಗಿದೆ. ಅಂದ್ರೆ ನಿಮ್ಮಲ್ಲಿ ಯಾರೋ ಒಬ್ಬರು ಎರಡೂ ಕಡೆ ಹಾಕಿದೀರಿ."

ಆಯ್ತಪ್ಪನ ಕೈಯಲ್ಲಿದ್ದ ತಟ್ಟೆಯ ಲೋಟಗಳು ಕಟಕಟ ಸದ್ದು ಮಾಡತೊಡಗಿದವು. ಅವನು ತಟ್ಟೆಯನ್ನು ಹೊಟ್ಟೆಗೆ ಒತ್ತಿ ಹಿಡಿದ. ಯಾರೋ ಒಬ್ಬರು! ನಲವತ್ತು ಜನ ಗಟ್ಟಿ ಮನಸ್ಸಿನವರು, ಒಂದು ಮಾತಿಗೆ ನಿಂತವರು. ನಡುವೆ ತಾನೊಬ್ಬನೇ ಹೇಡಿ. ಅವನಿಗೆ ನಾಚಿಕೆಗಿಂತ ಭಯವೇ ಹೆಚ್ಚಾಯಿತು.

ಸಭೆ ಹೊತ್ತಿಕೊಂಡಿತು.

"ದ್ರೋಹಿ ಯಾರು ಅಂತ ಈಗಲೇ ತಿಳೀಬೇಕು!" ದರ್ಜಿ ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದ.

"ಅಂಥವರನ್ನ ಪಕ್ಷದಿಂದ ಕಿತ್ತು ಹಾಕಿ" ಟೀಚರಮ್ಮ ಮೇಜು ಗುದ್ದಿದರು. "ಈ ಕಟ್ಟಡದ ಮೆಟ್ಟಿಲು ಹತ್ತೋಕೆ ಬಿಡಬಾರದು!"

ಗೋಡೆಗೆ ಒರಗಿದ್ದವರೆಲ್ಲ ಅವರಿಗಿಂತ ಜೋರಾಗಿ ಕೂಗಿದರು. ಈ ಕಟ್ಟಡದ ಮೆಟ್ಟಿಲು ಹತ್ತದೆ ತಾನು ರಾತ್ರಿ ಎಲ್ಲಿ ಮಲಗುವುದು ಎಂದು ಆಯ್ತಪ್ಪ ಯೋಚಿಸಿದ. ಅತ್ತೆಯ ಮಂಚವನ್ನು ಇಳಿಸಲು ಕನಿಷ್ಠ ನಾಲ್ಕು ಜನ ಬೇಕು. ಮಂಚದ ಕಾಲು ಸ್ವಲ್ಪ ಉದ್ದ, ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ.

"ಒಡೆದು ನೋಡೋಣ ಹಾಗಾದ್ರೆ, ಎಲ್ಲರೆದುರಿಗೆ" ಎಂದರು ವೀಕ್ಷಕರು.

ತಕ್ಷಣ ಸಭೆ ತಣ್ಣಗಾಯಿತು. ಎಲ್ಲರೆದುರಿಗೆ ಒಡೆಯುವುದು ಪದ್ಧತಿಯಲ್ಲ ಎಂದು ದರ್ಜಿ ಮೆತ್ತಗೆ ಹೇಳಿದ. ಸಭ್ಯತೆಯೂ ಅಲ್ಲ ಎಂದರು ಟೀಚರಮ್ಮ. ಇವರಿಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು.

"ಸರಿ, ನಾನೊಬ್ಬನೇ ನೋಡ್ತೀನಿ."

"ನೀವು ವಕೀಲನ ಮನೇಲಿ ಊಟ ಮಾಡಿ ಬಂದಿದೀರಿ" ಎಂದರು ಸಾಹುಕಾರರು.

"ಬಸ್‌ಸ್ಟ್ಯಾಂಡಿಂದ ಬಂದಿದ್ದು ಸಾಹುಕಾರ್ರ ಕಾರಲ್ಲಿ" ಎಂದರು ವಕೀಲರು.

ವೀಕ್ಷಕರು ಬೆನ್ನು ಹಿಡಿದುಕೊಂಡು ಗಡಿಯಾರ ನೋಡಿದರು. "ಯಾರ ಕಡೆಗೂ ಇಲ್ಲದವನು ಒಬ್ಬನಾದ್ರೂ ಇದಾನಾ ನಿಮ್ಮ ಪಕ್ಷದಲ್ಲಿ?"

ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ನಲವತ್ತೂ ಜೊತೆ ಕಣ್ಣುಗಳು ಟೀ ತಟ್ಟೆಯ ಕಡೆ ತಿರುಗಿದವು.

"ಆಯ್ತಪ್ಪ ನೋಡ್ಲಿ" ಎಂದು ಸಾಹುಕಾರರು ಒಳಗೊಳಗೇ ನಕ್ಕರು. ಬೆಳಗ್ಗೆ ತಮ್ಮ ಕಣ್ಣೆದುರಿಗೆ ಸಹಿ ಹಾಕಿದವನಲ್ಲವೇ. "ನನ್ನ ಅಭ್ಯಂತರ ಏನೂ ಇಲ್ಲ" ಎಂದು ವಕೀಲರೂ ನಕ್ಕರು. ಟೀಚರಮ್ಮನಿಂದ ಅವರಿಗೂ ಸುದ್ದಿ ಮುಟ್ಟಿತ್ತು.

ಆಯ್ತಪ್ಪನನ್ನು ಎರಡು ಲಕೋಟೆಗಳೊಂದಿಗೆ ಕಡತದ ಕೋಣೆಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಿದರು. ಕಳ್ಳನನ್ನು ಹುಡುಕಲು ಕಳ್ಳನನ್ನೇ ನೇಮಿಸಿದ್ದರು, ಮೇಲಾಗಿ ಬೀಗವನ್ನೂ ಹಾಕಿದ್ದರು.

ಆ ಕೋಣೆಯಲ್ಲಿ ಒಂದು ಮೇಜು, ಧೂಳು ಹಿಡಿದ ಕಡತಗಳು, ಹಿಂದಿನ ಓಣಿಗೆ ಒಂದು ಸರಳಿನ ಕಿಟಕಿ. ಆಯ್ತಪ್ಪ ಸ್ವಲ್ಪ ಹೊತ್ತು ಅರಗನ್ನೇ ನೋಡುತ್ತ ಕೂತ. ಹೊರಗೆ ಜನ ಓಡಾಡುವ ಸದ್ದು, ಬಾಗಿಲ ಹತ್ತಿರ ಬಂದು ನಿಲ್ಲುವ ಹೆಜ್ಜೆ, ಮತ್ತೆ ಹೋಗುವ ಹೆಜ್ಜೆ. ಅವನ ಅಂಗಿ ಬೆನ್ನಿಗೆ ಅಂಟಿತ್ತು. ಬೇರೆ ಯಾರದಾದರೂ ಹೆಸರು ಹೇಳಿಬಿಡಲೇ ಎಂಬ ಯೋಚನೆ ಬಂದು, ಆ ಯೋಚನೆಗೇ ಹೆದರಿದ.

ಕೊನೆಗೆ ಎರಡನ್ನೂ ಒಡೆದ. ಮೊದಲು ತನ್ನ ಹೆಸರು ಹುಡುಕಿದ. ಸಾಹುಕಾರರ ಪಟ್ಟಿಯಲ್ಲಿ ಹದಿನೇಳನೆಯದು, ವಕೀಲರದ್ದರಲ್ಲಿ ಹತ್ತೊಂಬತ್ತನೆಯದು, ಸ್ವಲ್ಪ ಗುಂಡಗೆ. ಆಮೇಲೆ, ಕಣ್ಣು ಅಲ್ಲೇ ಇತ್ತಾದ್ದರಿಂದ, ಅದರ ಮೇಲಿನ ಹದಿನೆಂಟನೆಯ ಹೆಸರು ಕಂಡಿತು. ದರ್ಜಿ.

ವಕೀಲರ ಪಟ್ಟಿಯಲ್ಲಿ ದರ್ಜಿ? ಆಯ್ತಪ್ಪ ಕಣ್ಣುಜ್ಜಿಕೊಂಡ. ಸಾಹುಕಾರರ ಪಟ್ಟಿ ತಿರುಗಿಸಿದ. ಅಲ್ಲಿಯೂ ದರ್ಜಿ. ಅಲ್ಲಿಯೇ ಕೆಳಗೆ ಟೀಚರಮ್ಮ, ಅಕ್ಷರ ಗುಂಡಗೆ, ಕೆಳಗೊಂದು ಗೆರೆ ಎಳೆದು. ಒಂದೊಂದೇ ಹೆಸರಿನ ಮೇಲೆ ಬೆರಳಿಡುತ್ತ ಹೋದ. ಸಾಹುಕಾರರನ್ನೂ ವಕೀಲರನ್ನೂ ಬಿಟ್ಟರೆ ಎರಡೂ ಪಟ್ಟಿಯಲ್ಲಿದ್ದವರು, ತಾನೂ ಸೇರಿ, ಅದೇ ಇಪ್ಪತ್ತು ಜನ. ಮಿಕ್ಕ ಹತ್ತೊಂಬತ್ತು ಜನ ಎಲ್ಲೂ ಇಲ್ಲ. ಗೋಡೆಗೆ ಒರಗಿಕೊಂಡು ದ್ರೋಹಿಯನ್ನು ಕಿತ್ತುಹಾಕಿ ಎಂದು ಗಂಟಲು ಹರಿಯುವಂತೆ ಕೂಗಿದವರು ಅವರೇ.

ಆಯ್ತಪ್ಪನಿಗೆ ಎಂಥ ಸಮಾಧಾನವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ತಾನೊಬ್ಬನೇ ಅಲ್ಲ! ಊರಿಗೆ ಊರೇ ಹೆದರಿಕೊಂಡಿದೆ! ಆದರೆ ಆ ಸಮಾಧಾನ ಒಂದು ನಿಮಿಷವೂ ಬಾಳಲಿಲ್ಲ. ಇದನ್ನು ಹೊರಗೆ ಹೋಗಿ ಹೇಳುವುದು ಹೇಗೆ? ಇಷ್ಟು ಜನರನ್ನು ಹಿಡಿದುಕೊಟ್ಟವನನ್ನು ಅವರು ಸುಮ್ಮನೆ ಬಿಡುತ್ತಾರೆಯೇ?

ಕಿಟಕಿಯ ಸರಳಿನ ಮೇಲೆ ಯಾರೋ ಬೆರಳಿಂದ ತಟ್ಟಿದರು. ಆಯ್ತಪ್ಪ ಕುರ್ಚಿಯಿಂದ ಅರ್ಧ ಎದ್ದುಬಿಟ್ಟ. ದರ್ಜಿ.

"ನೋಡಿದ್ಯಾ?"

"ನೋಡಿದೆ."

ದರ್ಜಿಯ ಮುಖ ಸುಣ್ಣವಾಯಿತು. "ಆಯ್ತಪ್ಪ, ನಂಗೆ ಮೂರು ಹೆಣ್ಣುಮಕ್ಕಳು. ಪಕ್ಷದ ಬಾವುಟ ಹೊಲಿಯೋದೂ ನಾನೇ. ನನ್ನ ಹೆಸರು ಮಾತ್ರ ಎತ್ತಬೇಡ ಮಾರಾಯ."

"ಆಯ್ತು."

ದರ್ಜಿ ಹೋದ ಮೇಲೆ ಟೀಚರಮ್ಮ ಬಂದರು. ಅವರ ಕನ್ನಡಕ ಕೈಯಲ್ಲಿತ್ತು, ಕಣ್ಣು ಚಿಕ್ಕದಾಗಿ ಕಾಣುತ್ತಿತ್ತು. "ನಿನಗೆ ಅಕ್ಷರ ಕಲಿಸಿದವಳು ನಾನು ಕಣೋ" ಎಂದಷ್ಟೇ ಹೇಳಿದರು.

"ಆಯ್ತು ಟೀಚರ್."

ಆಮೇಲೆ ಓಣಿಯಲ್ಲಿ ಸರತಿಸಾಲೇ ಆಯಿತು. ಎರಡೂ ಕಡೆ ಇದ್ದವರು ಹೇಳಬೇಡ ಎಂದರು. ಎಲ್ಲೂ ಇಲ್ಲದವರು ಅದನ್ನಂತೂ ಹೇಳಲೇಬೇಡ ಎಂದರು. ಮುಂದಿನವನು ಯಾಕೆ ಬಂದಿದ್ದಾನೆಂದು ಹಿಂದಿನವನು ಕೇಳಲಿಲ್ಲ, ಎಲ್ಲರೂ ಆ ಓಣಿಗೆ ಗಾಳಿ ಸೇವನೆಗೆಂದೇ ಬಂದವರಂತೆ ನಿಂತಿದ್ದರು. ಆಯ್ತಪ್ಪ ಎಲ್ಲರಿಗೂ ಆಯ್ತು ಅಂದ. ಎಲ್ಲರಿಗಿಂತ ಕೊನೆಗೆ ಬಂದವಳು ಹೆಂಡತಿ.

"ಸಿಕ್ಕಿಬಿದ್ರಾ?"

ಅವನು ಎಲ್ಲವನ್ನೂ ಪಿಸುಗುಟ್ಟಿದ. ಅವಳು ಸರಳಿಗೆ ಹಣೆ ಆನಿಸಿ ಯೋಚಿಸಿದಳು.

"ಯಾರೂ ಎರಡು ಸಲ ಹಾಕಿಲ್ಲ, ಎಣಿಕೇಲಿ ತಪ್ಪಾಗಿದೆ, ಇರೋದು ನಲವತ್ತೊಂದೇ ಅಂತ ಹೇಳ್ಬಿಡಿ. ಎಲ್ಲರೂ ಬಚಾವು, ನಾವೂ ಬಚಾವು."

ಇಷ್ಟು ಸುಲಭದ ದಾರಿ ತನಗೆ ಯಾಕೆ ಹೊಳೆಯಲಿಲ್ಲ ಎಂದು ಆಯ್ತಪ್ಪ ಆಶ್ಚರ್ಯಪಟ್ಟ. ಕಾಗದಗಳನ್ನು ಲಕೋಟೆಗೆ ತುರುಕಿ ಬಾಗಿಲು ಬಡಿದ. ಸಭಾಂಗಣಕ್ಕೆ ಬಂದಾಗ ಅಲ್ಲಿ ಉಸಿರಿನ ಸದ್ದೂ ಇರಲಿಲ್ಲ.

"ಯಾರೂ ಎರಡು ಸಲ ಹಾಕಿಲ್ಲ" ಎಂದ. ದನಿ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು. "ಎಣಿಕೇಲಿ ಒಂದು ತಪ್ಪಾಗಿದೆ. ಇರೋದು ನಲವತ್ತೊಂದೇ."

ನೂರು ಮೂಟೆ ಇಳಿಸಿದಂತೆ ಇಡೀ ಸಭೆ ಉಸಿರು ಬಿಟ್ಟಿತು. ದರ್ಜಿ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. ಆಯ್ತಪ್ಪ ಇನ್ನೇನು ಖಾಲಿ ಲೋಟಗಳನ್ನು ಎತ್ತಿಕೊಳ್ಳಬೇಕು, ಅಷ್ಟರಲ್ಲಿ ವೀಕ್ಷಕರು ಕೇಳಿದರು.

"ಹಾಗಾದ್ರೆ ಯಾರದು ಇಪ್ಪತ್ತೊಂದು, ಯಾರದು ಇಪ್ಪತ್ತು?"

ಇದನ್ನು ಹೆಂಡತಿ ಹೇಳಿಕೊಟ್ಟಿರಲಿಲ್ಲ.

ಎಡಗಡೆಯಿಂದ ಸಾಹುಕಾರರು ನೋಡಿದರು. ಬಲಗಡೆಯಿಂದ ವಕೀಲರು ನೋಡಿದರು. ಸಾಹುಕಾರರದು ಇಪ್ಪತ್ತು ಅಂದರೆ ಅವರು ಹುಗಿದುಬಿಡುತ್ತಾರೆ, ವಕೀಲರದು ಅಂದರೆ ಅವರು ಕೋರ್ಟಿಗೆ ಎಳೆಯುತ್ತಾರೆ. ಆಯ್ತಪ್ಪ ಎರಡೂ ಲಕೋಟೆಗಳನ್ನು ಎದೆಗೆ ಅವಚಿಕೊಂಡು, "ಅದನ್ನ... ನಾನು ಹೇಳೋಕಾಗಲ್ಲ" ಎಂದ.

"ಯಾಕಾಗಲ್ಲ?"

"ಹೇಳಲ್ಲ."

ಹದಿನಾಲ್ಕು ವರ್ಷದಲ್ಲಿ ಆಯ್ತಪ್ಪನ ಬಾಯಿಂದ ಯಾರೂ ಆ ಮಾತು ಕೇಳಿರಲಿಲ್ಲ. ಅವನ ಕೈಕಾಲು ನಡುಗುತ್ತಿದ್ದವು, ನಿಜ. ಆದರೆ ಕೋಪದಿಂದಲೂ ಮನುಷ್ಯ ನಡುಗುತ್ತಾನೆ. ಸಭೆಯ ಒಂದೊಂದು ತಲೆಯಲ್ಲೂ ಒಂದೇ ಯೋಚನೆ ಓಡಿತು: ಇವನ ಹತ್ತಿರ ನಮ್ಮೆಲ್ಲರ ಜುಟ್ಟಿದೆ. ಇವನು ಇನ್ನೇನು ಕೇಳುತ್ತಾನೋ!

ಮೊದಲು ಎದ್ದವನು ದರ್ಜಿ. ಲಕೋಟೆಗಳು ಆ ಎದೆಯಿಂದ ಕೆಳಗಿಳಿಯದಿದ್ದರೆ ಸಾಕಾಗಿತ್ತು ಅವನಿಗೆ. "ಮಹನೀಯರೇ, ನಮ್ಮ ಇಬ್ಬರು ನಾಯಕರೂ ದೊಡ್ಡವರು. ಅವರಲ್ಲಿ ಒಬ್ಬರು ಸೋತರು ಅನ್ನೋದನ್ನ ಕೇಳೋಕೆ ನಮ್ಮಿಂದ ಆಗಲ್ಲ. ಪಕ್ಷ ಒಡೀಬಾರದು ಅಂದ್ರೆ ಮೂರನೆಯವರೊಬ್ಬರು ಬೇಕು. ಇಬ್ಬರ ಮಾನ ಉಳಿಸಿದ ಈ ಮಹಾನುಭಾವರೇ ಯಾಕೆ ಅಧ್ಯಕ್ಷರಾಗಬಾರದು?"

"ಅನುಮೋದಿಸ್ತೀನಿ" ಎಂದರು ಟೀಚರಮ್ಮ. "ಚಿಕ್ಕಂದಿನಿಂದಲೂ ಬುದ್ಧಿವಂತ."

ಇಪ್ಪತ್ತು ಕೈ ಎದ್ದವು. ಅದನ್ನು ನೋಡಿ ಗೋಡೆಗೆ ಒರಗಿದ್ದ ಹತ್ತೊಂಬತ್ತೂ ಎದ್ದವು. ತಮ್ಮದೇ ಇಪ್ಪತ್ತಿರಬಹುದು ಎಂಬ ಹೆದರಿಕೆಯಲ್ಲಿದ್ದ ಸಾಹುಕಾರರು, ವಕೀಲನಿಗಿಂತ ಗುಮಾಸ್ತನೇ ವಾಸಿ ಎಂದು ಕೈ ಎತ್ತಿದರು. ಸಾಹುಕಾರನಿಗಿಂತ ಗುಮಾಸ್ತನೇ ವಾಸಿ ಎಂದು ವಕೀಲರೂ ಎತ್ತಿದರು. ಇಪ್ಪತ್ತರಲ್ಲಿ ಒಂದು ಕೈ ಆಯ್ತಪ್ಪನದೇ. ಎಲ್ಲರೂ ಎತ್ತಿದಾಗ ಎತ್ತಿ ಅಭ್ಯಾಸ.

ಗಡಿಯಾರ ನೋಡಿದ ವೀಕ್ಷಕರು ಹಾರ ಹಾಕಿಯೇಬಿಟ್ಟರು. ಹಾರದೊಳಗಿನಿಂದ ಆಯ್ತಪ್ಪ, "ಸಾರ್, ಹಿಂದಿನ ಎರಡು ಕೋಣೆ..." ಎಂದ.

"ಓ, ಅದೊಂದು ನಿಯಮ ಇದೆಯಲ್ಲ" ಎಂದು ವೀಕ್ಷಕರು ಪುಸ್ತಕ ತೆಗೆದರು. ಕಳೆದ ವರ್ಷ ಸಾಹುಕಾರರನ್ನು ಕಟ್ಟಿಹಾಕಲೆಂದು ವಕೀಲರೇ ಬರೆಸಿದ ನಿಯಮಗಳು. ಒಬ್ಬರಿಗೆ ಒಂದೇ ಹುದ್ದೆ. ಅಧ್ಯಕ್ಷರಾದವರು ಗುಮಾಸ್ತರಾಗಿರುವಂತಿಲ್ಲ, ಗುಮಾಸ್ತರಲ್ಲದವರು ಕೋಣೆಯಲ್ಲಿರುವಂತಿಲ್ಲ. ಅಧ್ಯಕ್ಷಗಿರಿಗೆ ಸಂಬಳವೂ ಇಲ್ಲ, ಸೂರೂ ಇಲ್ಲ, ಬರೀ ಗೌರವ. ಹೊಸ ಗುಮಾಸ್ತನಾಗಿ ದರ್ಜಿಯ ದೊಡ್ಡ ಅಳಿಯನನ್ನು ಅಲ್ಲೇ ನೇಮಿಸಿದ್ದಾಯಿತು. ನಾಳೆ ಬೆಳಗ್ಗೆ ಹತ್ತಕ್ಕೆ ಅವನು ಸಂಸಾರದೊಂದಿಗೆ ಬರುತ್ತಾನೆ.

"ನಾನು ರಾಜೀನಾಮೆ ಕೊಡ್ತೀನಿ ಸಾರ್!"

"ಒಂದು ವರ್ಷದೊಳಗೆ ಕೊಟ್ಟರೆ ಸದಸ್ಯತ್ವವೂ ಹೋಗುತ್ತೆ. ಆಮೇಲೆ ಗುಮಾಸ್ತಿಕೆಗೂ ತಗೊಳ್ಳಲ್ಲ" ಎಂದು ವೀಕ್ಷಕರು ಪುಟ ತಿರುಗಿಸಿದರು. "ಆದ್ರೆ ಇಪ್ಪತ್ತೊಂದು ಜನ ಅವಿಶ್ವಾಸಕ್ಕೆ ಸಹಿ ಹಾಕಿ ಇಳಿಸಿದ್ರೆ ಹಳೇ ಹುದ್ದೆ ವಾಪಸ್ ಸಿಗುತ್ತೆ. ಹನ್ನೊಂದನೇ ನಿಯಮ." ಪುಸ್ತಕ ಮುಚ್ಚಿ, ಬೆನ್ನು ಹಿಡಿದುಕೊಂಡು ಬಸ್ಸಿಗೆ ಓಡಿದರು.

ಐದು ಗಂಟೆಗೆ ಆಯ್ತಪ್ಪ ತನ್ನ ಹಳೆಯ ಮೇಜಿನ ಮುಂದೆ ಕೂತು ಒಳ್ಳೆಯ ಅಕ್ಷರದಲ್ಲಿ ಬರೆದ: "ಈಗಿನ ಅಧ್ಯಕ್ಷರ ಮೇಲೆ ನಮಗೆ ವಿಶ್ವಾಸವಿಲ್ಲ." ಕೆಳಗೆ ಒಂದರಿಂದ ಇಪ್ಪತ್ತೊಂದರವರೆಗೆ ಸಂಖ್ಯೆ ಹಾಕಿದ. ಒಂದನೆಯದರ ಮುಂದೆ ತಾನೇ ಸಹಿ ಮಾಡಿದ. ಜೀವಮಾನದಲ್ಲಿ ಮನಸಾರೆ ಹಾಕಿದ ಮೊದಲ ಸಹಿ ಅದು. ಇನ್ನು ಇಪ್ಪತ್ತು ಬೇಕು. ಬೆಳಗ್ಗೆ ಎರಡೆರಡು ಕಡೆ ಹಾಕಿದ ಜನ ಇನ್ನೊಂದು ಹಾಕಲಾರರೇ ಎಂದು ಧೈರ್ಯ ತಂದುಕೊಂಡು ಹೊರಟ.

ದರ್ಜಿ ಅಂಗಡಿಯಲ್ಲಿ ಮೆಶೀನು ತುಳಿಯುತ್ತಿದ್ದ. ಆಯ್ತಪ್ಪನನ್ನು ಕಂಡವನೇ ಎದ್ದು ನಿಂತ, ಬಾಯಲ್ಲಿದ್ದ ಸೂಜಿ ಕೆಳಗೆ ಬಿತ್ತು. ಕಾಗದ ಓದಿ, ಮೆಶೀನಿನ ಮೇಲಿಟ್ಟು ಹಿಂದೆ ಸರಿದ.

"ಅಧ್ಯಕ್ಷರೇ, ನನ್ನನ್ನ ಪರೀಕ್ಷೆ ಮಾಡ್ತಿದೀರಾ?"

"ಇಲ್ಲ ಮಾರಾಯ, ನಿಜವಾಗ್ಲೂ. ನೀನೊಂದು ಸಹಿ ಹಾಕು, ನಾನು ಇಳೀತೀನಿ."

"ಹಾಕಿದ ತಕ್ಷಣ ಆ ಲಕೋಟೆ ಹೊರಗೆ ಬರುತ್ತೆ. ಗೊತ್ತು ನಂಗೆ." ದರ್ಜಿ ಕೈಮುಗಿದ. "ನಿಮ್ಮನ್ನ ಬಿಟ್ಟು ನಂಗೆ ಬೇರೆ ನಾಯಕರಿಲ್ಲ."

ಆಯ್ತಪ್ಪ ಜೇಬಿನಿಂದ ಲಕೋಟೆಗಳನ್ನು ತೆಗೆದು ಅವನೆದುರಿಗೇ ಚೂರು ಚೂರು ಹರಿದ. "ನೋಡು! ಮುಗೀತಲ್ಲ!"

ದರ್ಜಿ ಇನ್ನೂ ಬಿಳಿಚಿಕೊಂಡ. "ಹರಿದಿದ್ದು ನಕಲು. ಅಸಲು ಎಲ್ಲಿಟ್ಟಿದೀರಿ ಅಂತ ನಾನು ಕೇಳಲ್ಲ ಅಧ್ಯಕ್ಷರೇ. ಕೇಳೋ ಧೈರ್ಯ ನಂಗಿಲ್ಲ."

ಟೀಚರಮ್ಮ ಬಾಗಿಲು ತೆರೆದವರು ಕುರ್ಚಿ ಒರೆಸಿ ಕೂರಿಸಿದರು. ಅವರು ತನ್ನನ್ನು "ನೀವು" ಎಂದು ಕರೆದಾಗ ಆಯ್ತಪ್ಪನ ಬೆನ್ನಹುರಿಯಲ್ಲಿ ಚಳಿ ಹರಿಯಿತು. "ನಾನು ವಯಸ್ಸಾದವಳು, ನನ್ನನ್ನ ಯಾಕೆ ಸಿಕ್ಕಿಸ್ತೀರಿ?" ಎಂದು ಕಣ್ಣೊರೆಸಿಕೊಂಡರು. ಅವನು ಟೀಚರನ್ನು ಸಮಾಧಾನ ಮಾಡಿ ಎದ್ದು ಬರಬೇಕಾಯಿತು.

ಬೀದಿಯಲ್ಲಿ ಅವನನ್ನು ಕಂಡು ಸದಸ್ಯರು ಅಡ್ಡರಸ್ತೆಗೆ ತಿರುಗಿದರು. ಒಬ್ಬರ ಮನೆಯಲ್ಲಿ ದೀಪ ಆರಿತು. ಇನ್ನೊಬ್ಬರ ಮನೆಯಲ್ಲಿ ಅವರ ಹೆಂಡತಿ ಬಂದು, ಅವರು ಊರಲ್ಲೇ ಇಲ್ಲ ಎಂದರು. ಅವರು ಬಾಗಿಲ ಹಿಂದೆ ಕೆಮ್ಮಿದ್ದು ಕೇಳಿಸಿತು. ಇಷ್ಟು ಜನ ತನಗೆ ಹೆದರುವುದನ್ನು ನೋಡಿ ಆಯ್ತಪ್ಪನಿಗೆ ಹೆದರಿಕೆ ಇಮ್ಮಡಿಯಾಯಿತು. ಹೆದರಿದ ಜನ ಏನು ಬೇಕಾದರೂ ಮಾಡುತ್ತಾರೆ ಎನ್ನುವುದು ಅವನಿಗೆ ಸ್ವಂತ ಅನುಭವದಿಂದ ಗೊತ್ತಿತ್ತು.

ಉಳಿದವರು ಸಾಹುಕಾರರು ಮತ್ತು ವಕೀಲರು. ಕುರ್ಚಿಗೆ ಹಸಿದವರು, ಅವರಾದರೂ ಹಾಕಿಯಾರು, ಅವರ ಹಿಂದೆ ಉಳಿದವರೂ ಬಂದಾರು ಎಂದು ಡಿಪೋಗೆ ನಡೆದ. ಸಾಹುಕಾರರು ಕಾಗದ ಓದಿ ಪೆನ್ನಿನ ಮುಚ್ಚಳವನ್ನೂ ತೆಗೆದರು. ಸಾಹುಕಾರರ ಕೈ ಅರ್ಧದಲ್ಲಿ ನಿಂತಿತು.

"ವಕೀಲ ಹಾಕಿದಾನಾ?"

"ಇನ್ನೂ ಇಲ್ಲ ಸಾಹುಕಾರ್ರೇ."

"ಅವನು ಹಾಕಿಲ್ಲ ಅಂದ್ರೆ ಇದರಲ್ಲಿ ಏನೋ ಇದೆ" ಎಂದು ಮುಚ್ಚಳ ಹಾಕಿದರು.

ವಕೀಲರು ಕಾಗದವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು. "ಅಧ್ಯಕ್ಷರು ತಮ್ಮ ಮೇಲೆ ತಾವೇ ಅವಿಶ್ವಾಸ ತರೋದಾ? ಇಪ್ಪತ್ತೈದು ವರ್ಷದ ವಕೀಲಿಕೇಲಿ ಇಂಥ ಬಲೆ ನೋಡಿಲ್ಲ. ಭೇಷ್! ನಾವೆಲ್ಲ ನಿಮ್ಮನ್ನ ಏನೋ ಅಂದುಕೊಂಡಿದ್ವಿ." ಗೇಟಿನವರೆಗೂ ಬಂದು ಬಗ್ಗಿ ನಮಸ್ಕರಿಸಿ ಕಳಿಸಿದರು.

ಮನೆಗೆ ಬಂದಾಗ ಏಳು ಗಂಟೆ. ಪಾತ್ರೆಗಳೆಲ್ಲ ಹಳೆಯ ಹೊದಿಕೆಗಳಲ್ಲಿ ಗಂಟಾಗಿ ಕೂತಿದ್ದವು. ಗೋಡೆಯ ಮೊಳೆಗಳು ಖಾಲಿಯಾಗಿದ್ದವು. ಹೆಂಡತಿ ಸೊಂಟಕ್ಕೆ ಕೈಯಿಟ್ಟು ಮಂಚವನ್ನೂ ಬಾಗಿಲನ್ನೂ ಅಳತೆ ಮಾಡುತ್ತ ನಿಂತಿದ್ದಳು.

"ಎಷ್ಟಾಯ್ತು?"

"ಒಂದು."

"ಯಾರದು?"

"ನಂದೇ."

ಅವಳು ಗಂಟಿನ ಮೇಲೆ ಕೂತಳು. ಆಯ್ತಪ್ಪನೂ ಪಕ್ಕದ ಗಂಟಿನ ಮೇಲೆ ಕೂತ. ಒಳಗಿನ ತಪ್ಪಲೆ ಕರ್ರೆಂದಿತು. ನಲವತ್ತು ಜನರ ನಾಯಕ ಅವನು, ನಾಳೆ ಹತ್ತು ಗಂಟೆಯ ನಂತರ ಎಲ್ಲಿರಬೇಕೆಂದು ಗೊತ್ತಿರಲಿಲ್ಲ. ಅವನಿಗೆ ಅಳು ಬಂತು, ಅತ್ತೆಯ ಮುಂದೆ ಅಳಲು ಹೆದರಿ ನುಂಗಿಕೊಂಡ.

ಮಂಚದ ಮೇಲಿದ್ದ ಅತ್ತೆ ಎದ್ದು ಕೂತರು. "ಏನೇ ಅದು ಕಾಗದ?"

"ಇವರ ಮೇಲೆ ವಿಶ್ವಾಸ ಇಲ್ಲ ಅಂತ ಸಹಿ ಹಾಕೋ ಕಾಗದ ಅಮ್ಮ. ಊರೆಲ್ಲ ತಿರುಗಿದ್ರೂ ಒಬ್ಬರೂ ಹಾಕಿಲ್ಲ. ಎಲ್ಲರಿಗೂ ಇವರನ್ನ ಕಂಡ್ರೆ ಭಯ ಅಂತೆ."

"ಇವರನ್ನ ಕಂಡ್ರಾ?" ಅತ್ತೆ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕೊಡಿಲ್ಲಿ."

ಕನ್ನಡಕ ಹಾಕಿಕೊಂಡು ಕಾಗದವನ್ನು ಎರಡು ಸಲ ಓದಿದರು, ಒಂದೊಂದು ಮಾತಿಗೂ ತಲೆದೂಗಿದರು. ಆಮೇಲೆ ಎರಡನೆಯ ಸಂಖ್ಯೆಯ ಮುಂದೆ, ಕೈ ಒಂದಿಷ್ಟೂ ನಡುಗದೆ, ಪೂರ್ತಿ ಹೆಸರು ಬರೆದು ಸಹಿ ಹಾಕಿ ತಾರೀಖನ್ನೂ ನಮೂದಿಸಿದರು. ಇಡೀ ಊರಿನಲ್ಲಿ ಅಧ್ಯಕ್ಷರಿಗೆ ಹೆದರದ ವ್ಯಕ್ತಿ ಅವರೊಬ್ಬರೇ. ಆದರೆ ಅವರು ಪಕ್ಷದ ಸದಸ್ಯರಾಗಿರಲಿಲ್ಲ.